‘ಕಲಾಭಿಮಾನಿ’ ಎಂಬ ಸಂಬೋಧನೆ: ಕಾರವಾರ-ಅಂಕೋಲಾ ಪರಿಸರದ ಯಕ್ಷಗಾನ ಪ್ರಚಾರ

ಜಾಹೀರಾತು ಸರಕಿನ ಗುಣವನ್ನು ಹೊಗಳುತ್ತದೆ ಎಂಬುದು ವಾಡಿಕೆಯ ಗ್ರಹಿಕೆ. ಅದು ಕೊಳ್ಳುವವನನ್ನೂ ಹೊಗಳುತ್ತದೆ, ಅವನು ಆಗಬಯಸುವ ರೂಪದಲ್ಲಿಯೇ ಅವನನ್ನು ಕರೆಯುತ್ತದೆ ಎಂಬುದು ಅಷ್ಟಾಗಿ ಚರ್ಚೆಗೆ ಬಂದಿಲ್ಲ. ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಯಕ್ಷಗಾನದ ಕರಪತ್ರಗಳು ಹಾಗೂ ಧ್ವನಿವರ್ಧಕದ ಪ್ರಚಾರ ಇದಕ್ಕೆ ಉತ್ತಮ ನಿದರ್ಶನ. ಪ್ರಸಂಗದ ಹೆಸರು, ಕಲಾವಿದರ ಪಟ್ಟಿ, ಟಿಕೆಟ್ ದರ ಇವೆಲ್ಲಕ್ಕೂ ಮೊದಲು ಸಾಮಾನ್ಯವಾಗಿ ಕೇಳಿಬರುವುದು ‘ಕಲಾಭಿಮಾನಿಗಳೇ’ ಎಂಬ ಕರೆ.

ಈ ಕರೆಯ ಹಿನ್ನೆಲೆಯನ್ನು ಪ್ರದರ್ಶನದ ಸ್ವರೂಪದಲ್ಲಿಯೇ ಅರಸಬೇಕಾಗುತ್ತದೆ. ಈ ಭಾಗದ ಹಾಲಕ್ಕಿ ಒಕ್ಕಲಿಗರ ಸುಗ್ಗಿ ತಂಡವು ತುರಾಯಿ ಧರಿಸಿ ಮನೆಯಂಗಳಕ್ಕೇ ಬಂದು ಕುಣಿಯುತ್ತದೆ. ಮನೆಯವರು ಕಾಣಿಕೆಯಿತ್ತು ಗೌರವಿಸುತ್ತಾರೆ. ಹರಕೆಯ ಬಯಲಾಟದಲ್ಲಿ ವೆಚ್ಚ ಸೇವಾಕರ್ತನದು. ನೋಡುವವರೆಲ್ಲ ಅವನ ಅತಿಥಿಗಳು. 20ನೆಯ ಶತಮಾನದ ಮಧ್ಯಭಾಗದಿಂದ ಕರಾವಳಿಯಲ್ಲಿ ಬೆಳೆದ ಡೇರೆ ಮೇಳಗಳು ಈ ಸಂಬಂಧವನ್ನು ಬದಲಿಸಿದವು. ಟಿಕೆಟ್ ಪಡೆದವನು ಆತಿಥೇಯನೂ ಅಲ್ಲ, ಅತಿಥಿಯೂ ಅಲ್ಲ, ಗಿರಾಕಿ. ಆದರೆ ಪ್ರಚಾರವು ಅವನನ್ನು ಹಾಗೆ ಕರೆಯುವುದಿಲ್ಲ. ಅಂಗಳದ ಯಜಮಾನನಿಗಿದ್ದ ಪೋಷಕನ ಘನತೆಯನ್ನು ‘ಕಲಾಭಿಮಾನಿ’ ಎಂಬ ಪದವು ಅವನಿಗೂ ಹಂಚುತ್ತದೆ. ಸಂಬೋಧನೆಯೇ ವ್ಯಕ್ತಿಯನ್ನು ಒಂದು ಸ್ಥಾನದಲ್ಲಿ ನಿಲ್ಲಿಸುತ್ತದೆಂದು ಫ್ರೆಂಚ್ ಚಿಂತಕ ಲೂಯಿ ಅಲ್ತುಸರ್ 1970ರಲ್ಲಿ ಮಂಡಿಸಿದ ವಿಚಾರ ಇಲ್ಲಿ ಪ್ರಸ್ತುತವೆನಿಸುತ್ತದೆ.

ಕರೆಯ ಭಾಷೆಯೂ ಗಮನಾರ್ಹ. ಮನೆಯಲ್ಲಿ ಕೊಂಕಣಿ ಆಡುವ ಕಾರವಾರದವನಿಗೂ, ತನ್ನದೇ ಬಗೆಯ ಕನ್ನಡವಾಡುವ ಅಂಕೋಲಾದ ಹಾಲಕ್ಕಿಗೂ ಅದು ತಲುಪುವುದು ಸಂಸ್ಕೃತಭೂಯಿಷ್ಠ ಕನ್ನಡದಲ್ಲಿ. ನಿತ್ಯ ಆಡದ ಈ ನುಡಿಯು ಕೇಳುಗನನ್ನು ಅವನ ನಿತ್ಯದ ನೆಲೆಯಿಂದ ಒಂದು ಮೆಟ್ಟಿಲು ಮೇಲೇರಿಸುತ್ತದೆ.

ಇದನ್ನು ಬರಿಯ ಮುಖಸ್ತುತಿಯೆಂದು ತಳ್ಳಿಹಾಕುವುದು ಸರಿಯಾಗದು. ಬಿರುದು ಪಡೆದವನು ಅದರ ಹಕ್ಕನ್ನೂ ಚಲಾಯಿಸುತ್ತಾನೆ. ಭಾಗವತಿಕೆ ಸೊರಗಿದರೆ, ಅರ್ಥಗಾರಿಕೆ ಹದ ತಪ್ಪಿದರೆ, ಮರುದಿನ ಚಹಾದಂಗಡಿಯಲ್ಲಿ ಮೇಳವನ್ನು ವಿಚಾರಣೆಗೆ ಒಳಪಡಿಸುವವನು ಇದೇ ಕಲಾಭಿಮಾನಿ. ಪೇಟೆಯ ಸರಕಿನ ಜಾಹೀರಾತು ಕಟ್ಟುವ ಆದರ್ಶಚಿತ್ರದ ಕೆಲಸ ಬಹುಮಟ್ಟಿಗೆ ಖರೀದಿಯೊಂದಿಗೆ ಮುಗಿಯುತ್ತದೆ; ಯಕ್ಷಗಾನದ ಪ್ರಚಾರ ಕಟ್ಟಿದ ಚಿತ್ರವಾದರೋ ಪ್ರಚಾರ ಮಾಡಿದವರನ್ನೇ ಅಳೆಯುವ ಮಾನದಂಡವಾಗುತ್ತದೆ.

ಪ್ರಸಂಗಪಠ್ಯಗಳನ್ನು ಕಾಪಾಡುವ ಗ್ರಂಥಾಲಯಗಳು ಆಟ ಮುಗಿದೊಡನೆ ಕಸವಾಗುವ ಕರಪತ್ರಗಳನ್ನೂ ಸಂಗ್ರಹಿಸಬೇಕಾಗಿದೆ. ಇಲ್ಲವಾದಲ್ಲಿ ರಂಗದ ಮೇಲೆ ಏನು ನಡೆಯಿತೆಂಬುದು ಉಳಿದೀತು. ಎದುರಿಗೆ ಕುಳಿತವನು ತನ್ನನ್ನು ಯಾರೆಂದು ಭಾವಿಸಿದ್ದನೆಂಬ ಚರಿತ್ರೆ ಉಳಿಯಲಾರದು.