ಎಡಪ್ಪಳ್ಳಿಯ ಮಳೆಗೆ ಮಾರುತಿ 800

ಮಂಗಳೂರು, ಕಾಸರಗೋಡು ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 66 ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಸೇಲಂ ಕಡೆಯ 544ನ್ನು ಕೂಡುತ್ತದೆ. ಜೂನ್ ಮಳೆ ಜಡಿಯುವಾಗ ಅಲ್ಲಿ ನನಗೆ ಬೇಕಾದದ್ದು ದೊಡ್ಡ ಗಾಡಿಯಲ್ಲ, ಹಳೆಯ ಮಾರುತಿ 800. 1983ರಲ್ಲಿ ಅದು ಬಂದಾಗ ರಸ್ತೆ ತುಂಬ ಅಂಬಾಸಡರ್, ಪದ್ಮಿನಿ. ಅವನ್ನು ಹಿಂದಿನ ಚಕ್ರಗಳು ನೂಕುತ್ತಿದ್ದವು. ಇದನ್ನು ಮುಂದಿನವು ಎಳೆಯುತ್ತವೆ. 796 ಸಿಸಿ ಎಂಜಿನ್ನಿನ ಭಾರವೆಲ್ಲ ಆ ಚಕ್ರಗಳ ಮೇಲೇ ಕೂತಿರುವುದರಿಂದ ಒದ್ದೆ ಡಾಂಬರಿನಲ್ಲೂ ಹಿಡಿತ ತಪ್ಪುವುದು ಕಡಿಮೆ. ಕಡಿದಾದ ಏರಿನಲ್ಲಿ ಮಾತ್ರ ಭಾರ ಹಿಂದಕ್ಕೆ ಸರಿದು ಚಕ್ರ ಸುಮ್ಮನೆ ಸುತ್ತುತ್ತದೆ. ಎಡಪ್ಪಳ್ಳಿಯಲ್ಲಿ ಅಂಥ ಏರೆಲ್ಲಿ! ಪಾದ ಮುಳುಗುವಷ್ಟು ನೀರಿದ್ದರೆ ಫಸ್ಟ್ ಗೇರು, ಒಂದೇ ಸಮನೆ ಆಕ್ಸಿಲರೇಟರ್. ದಾಟಿದ ಮೇಲೆ ಬ್ರೇಕನ್ನು ಎರಡು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಂಡರಾಯಿತು.