ಮಂಡೆಕೋಲಿನ ಮಳೆಗೆ ಯಾವ ಗ್ಲೌಸು?

ಜುಲೈ ತಿಂಗಳ ಬೆಳಗ್ಗೆ ಮಂಡೆಕೋಲಿನಿಂದ ಅಜ್ಜಾವರ ದಾಟಿ ಸುಳ್ಯಕ್ಕೆ ಹೋಗುವ ಬೈಕುಗಳನ್ನು ಗಮನಿಸಿ. ತಲೆಗೆ ಹೆಲ್ಮೆಟ್, ಮೈಗೆ ರೈನ್‌ಕೋಟು, ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ, ಮೊಬೈಲಿಗೊಂದು ತೊಟ್ಟೆ, ಹಾಲಿನ ಕ್ಯಾನಿಗೆ ಬಿಗಿಯಾದ ಮುಚ್ಚಳ. ಕೈ ಮಾತ್ರ ಬರಿಗೈ. ಬ್ರೇಕು ಹಿಡಿಯುವುದು, ಕ್ಲಚ್ಚು ಬಿಡುವುದು, ತಿರುವಿನಲ್ಲಿ ಹ್ಯಾಂಡಲ್ ಸಂಭಾಳಿಸುವುದು ಎಲ್ಲವೂ ಕೈಯೇ. ಮಳೆಗೆ ಎಲ್ಲಕ್ಕಿಂತ ಮುಂದೆ ಒಡ್ಡಿಕೊಂಡಿರುವುದೂ ಅದೇ. ಆದರೂ ನಮ್ಮ ಮಳೆಗಾಲದ ತಯಾರಿಯಲ್ಲಿ ಅದರ ಸರದಿ ಬರುವುದೇ ಇಲ್ಲ. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ತಾಲೂಕಿನ ಮಾತಿದು.

ಬರಿಗೈಯವರು ದಡ್ಡರೇನಲ್ಲ. ಆಟಿಯ ಜಡಿಮಳೆಯಲ್ಲೂ ಇಲ್ಲಿ ಹೊರಗಿನ ಉಷ್ಣತೆ 23-25 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಚಂಡಿಯಾದ ಕೈ ಅರ್ಧ ಗಂಟೆಯಲ್ಲಿ ಮರಗಟ್ಟುವಷ್ಟು ಚಳಿ ಇದಲ್ಲ. ನೀರಿನಲ್ಲಿ ನೆನೆದ ಬೆರಳ ತುದಿ ಸುಕ್ಕುಗಟ್ಟುತ್ತದಲ್ಲ, ಅದು ಚರ್ಮ ನೀರು ಕುಡಿದು ಉಬ್ಬಿದ್ದಷ್ಟೇ ಅಲ್ಲ, ನರಗಳು ರಕ್ತನಾಳಗಳನ್ನು ಕುಗ್ಗಿಸಿ ಮಾಡುವ ಕೆಲಸ. ಹಾಗೆ ಸುಕ್ಕಾದ ಬೆರಳುಗಳಿಗೆ ಒದ್ದೆ ವಸ್ತುಗಳ ಹಿಡಿತ ಚೆನ್ನಾಗಿ ಸಿಗುತ್ತದೆ ಎಂದು 2013ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಪ್ರಕಟಿಸಿದ್ದರು. ಮರುವರ್ಷ ಬೇರೆಯವರು ಮಾಡಿದ ಪ್ರಯೋಗದಲ್ಲಿ ಹಾಗೇನೂ ಕಂಡುಬರಲಿಲ್ಲ. ಅದೇನೇ ಇರಲಿ, ಲಿವರಿನ ಮೇಲೆ ಬರಿ ಬೆರಳಿಗೆ ಸಿಗುವ ಅಂದಾಜು ಯಾವ ಗ್ಲೌಸಿನಲ್ಲೂ ಸಿಗದು. ಕಾಡಂಚಿನ ಈ ಊರಿನಲ್ಲಿ ಆನೆಗಳು ತೋಟಕ್ಕಿಳಿಯುವುದು ಹೊಸ ಸುದ್ದಿಯಲ್ಲ. ನಸುಕಿನಲ್ಲಿ ರಬ್ಬರ್ ಟ್ಯಾಪಿಂಗಿಗೆ ಹೊರಟವನಿಗೆ ತಿರುವಿನಾಚೆ ಏನಿದೆಯೋ ಗೊತ್ತಿಲ್ಲ. ಬ್ರೇಕು ಎಷ್ಟು ಹಿಡಿದರೆ ಚಕ್ರ ಜಾರುತ್ತದೆ ಎಂಬುದು ಅವನಿಗೆ ಬೆರಳಿನಲ್ಲೇ ತಿಳಿಯಬೇಕು.

ಆದರೆ ಬರಿಗೈಯ ಪರವಾದ ಈ ವಾದ ವೇಗ ಹೆಚ್ಚಿದ ಕೂಡಲೇ ಸೋಲುತ್ತದೆ. ದೊಡ್ಡ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರಿನಂತೆ ಬೀಳುತ್ತದೆ, ಅಂದರೆ ಗಂಟೆಗೆ 32 ಕಿಲೋಮೀಟರ್. ಬೈಕು 60ರಲ್ಲಿದ್ದರೆ ಎರಡೂ ಸೇರಿ ಅದು ಬೆರಳ ಗೆಣ್ಣಿಗೆ ಬಡಿಯುವುದು 68ರ ವೇಗದಲ್ಲಿ. ಸೂಜಿ ಚುಚ್ಚಿದಂತಾಗಿ ಸವಾರ ಒಂದು ಕೈಯನ್ನು ತೊಡೆಯ ಸಂದಿಗೆ ತುರುಕಿಕೊಂಡು ಇನ್ನೊಂದರಲ್ಲಿ ಓಡಿಸತೊಡಗುತ್ತಾನೆ. ಮಾಣಿ-ಮೈಸೂರು ಹೆದ್ದಾರಿಯಲ್ಲಿ ಇದು ದಿನವೂ ಕಾಣುವ ನೋಟ. ಇನ್ನು ಬಿದ್ದರಂತೂ ಮನುಷ್ಯ ಮೊದಲು ನೆಲಕ್ಕೆ ಊರುವುದು ಅಂಗೈಯನ್ನೇ.

ಇದಕ್ಕೆ ನಮ್ಮವರು ಕಂಡುಕೊಂಡ ಉಪಾಯಗಳಲ್ಲಿ ಎರಡನ್ನು ನಾನು ಖಂಡಿತ ಒಪ್ಪಲಾರೆ. ಒಂದು, ಅಂಗಡಿಯ ಪ್ಲಾಸ್ಟಿಕ್ ತೊಟ್ಟೆಯನ್ನು ಕೈಗೆ ಹಾಕಿ ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್ ಬಿಗಿಯುವುದು. ಒದ್ದೆ ಪ್ಲಾಸ್ಟಿಕ್ ಲಿವರಿನ ಮೇಲೆ ನಿಲ್ಲುವುದಿಲ್ಲ, ಬೆರಳುಗಳು ಬಿಡಿಬಿಡಿಯಾಗಿ ಆಡುವುದಿಲ್ಲ. ಇನ್ನೊಂದು, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸು. ನೀರು ತಡೆಯುವುದರಲ್ಲಿ ಅದನ್ನು ಮೀರಿಸುವುದು ಕಷ್ಟ, ಬೆಲೆಯೂ ನೂರಿನ್ನೂರು ಅಷ್ಟೆ. ರಬ್ಬರ್ ಬೆಳೆಯುವ ಊರಿನವರಿಗೆ ಅದರ ಮೇಲೆ ಸ್ವಲ್ಪ ಮಮತೆಯೂ ಇರಬಹುದು. ಆದರೆ ಪೆಟ್ರೋಲ್ ತಾಗಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಸಡಿಲವಾಗುತ್ತದೆ. ಡಾಂಬರಿಗೆ ಉಜ್ಜಿದರೆ ಅದು ಚರ್ಮಕ್ಕೆ ಯಾವ ರಕ್ಷಣೆಯನ್ನೂ ಕೊಡದೆ ಹರಿದುಹೋಗುತ್ತದೆ. ಒಳಗೆ ಬೆವರು ತುಂಬುವುದು ಬೇರೆ.

ಬೆವರಿನ ಈ ಕಾಟವನ್ನು ಗೆದ್ದಿದ್ದೇವೆ ಎನ್ನುವುದೇ ದುಬಾರಿ ವಾಟರ್‌ಪ್ರೂಫ್ ಗ್ಲೌಸುಗಳ ದೊಡ್ಡ ಹೆಗ್ಗಳಿಕೆ. ಅದನ್ನು ಸ್ವಲ್ಪ ಒರೆಗೆ ಹಚ್ಚಬೇಕು. 1969ರಲ್ಲಿ ಅಮೆರಿಕದ ಬಾಬ್ ಗೋರ್, ಟೆಫ್ಲಾನ್ ಎಂದು ನಾವು ಕರೆಯುವ ವಸ್ತುವನ್ನು ಬಿಸಿ ಮಾಡಿ ಸರಕ್ಕನೆ ಎಳೆದಾಗ ಅದು ಸೂಕ್ಷ್ಮ ರಂಧ್ರಗಳ ತೆಳು ಹಾಳೆಯಾಯಿತು. ಅದೇ ಮುಂದೆ ಗೋರ್‌ಟೆಕ್ಸ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ರಂಧ್ರವೊಂದು ನೀರಹನಿಗಿಂತ 20,000 ಪಾಲು ಚಿಕ್ಕದು, ನೀರಾವಿಯ ಅಣುವಿಗಿಂತ 700 ಪಟ್ಟು ದೊಡ್ಡದು ಎಂಬುದು ಕಂಪನಿ ಕೊಡುವ ಲೆಕ್ಕ. ಮಳೆ ಒಳಗೆ ಬಾರದು, ಬೆವರಿನ ಆವಿ ಹೊರಗೆ ಹೋದೀತು. ಇದೇ ತತ್ವದ ಬೇರೆ ಬೇರೆ ಹಾಳೆಗಳನ್ನು ಹಾಕಿದ ಗ್ಲೌಸುಗಳು ಈಗ ರೈನಾಕ್ಸ್, ವಯಾಟೆರಾದಂಥ ಭಾರತೀಯ ಕಂಪನಿಗಳಿಂದಲೂ ಸಿಗುತ್ತವೆ.

ಲೆಕ್ಕ ಸರಿಯೇ ಇದೆ, ಆದರೆ ಆವಿಗೆ ಹೊರಗೆ ಹೋಗಲು ಒಂದು ಕಾರಣ ಬೇಕು. ಒಳಗಿನ ಆವಿಯ ಒತ್ತಡ ಹೊರಗಿನದಕ್ಕಿಂತ ಎಷ್ಟು ಹೆಚ್ಚೋ ಅಷ್ಟು ಚುರುಕಾಗಿ ಅದು ಹೊರಬೀಳುತ್ತದೆ. ಗ್ಲೌಸಿನ ಒಳಗೆ 32 ಡಿಗ್ರಿ, ಹೊರಗೆ ಯುರೋಪಿನ 5 ಡಿಗ್ರಿಯ ಮಳೆ ಎಂದಾದರೆ ಅಂತರ ದೊಡ್ಡದು. ಹೊರಗೆ ಸುಳ್ಯದ 25 ಡಿಗ್ರಿ, ಗಾಳಿ ನೀರು ಹೀರಿ ತುಂಬಿ ನಿಂತಿದೆ ಎಂದಾದರೆ ಅದೇ ಅಂತರ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಸಾಲದ್ದಕ್ಕೆ ಗ್ಲೌಸಿನ ಹೊರಮೈ ಬಟ್ಟೆಯೋ ಚರ್ಮವೋ ಆಗಿರುತ್ತದೆ. ಅದರ ಮೇಲೆ ಲೇಪಿಸಿದ ನೀರುತಡೆ ಸವೆದ ಮೇಲೆ ಆ ಹೊರಮೈ ನೆನೆದು ಮುದ್ದೆಯಾಗುತ್ತದೆ, ಹಾಳೆಯ ಮುಂದೆ ನೀರಿನ ಗೋಡೆ ಎದ್ದ ಹಾಗೆ. ಆಗ ಮಳೆಯೇನೋ ಒಳಗೆ ಬಂದಿರುವುದಿಲ್ಲ, ಆದರೂ ಕೈ ಚಂಡಿಯೇ. ನಾಲ್ಕು ಸಾವಿರ ಕೊಟ್ಟವನು ಗ್ಲೌಸು ಸೋರುತ್ತದೆಂದು ಅಂಗಡಿಯವನೊಂದಿಗೆ ಜಗಳಕ್ಕೆ ನಿಲ್ಲುತ್ತಾನೆ. ಎಷ್ಟೋ ಸಲ ಅದು ಅವನದೇ ಬೆವರು.

ಇನ್ನೊಂದು ತೊಂದರೆ ಗ್ಲೌಸು ಹೊಲಿಯುವ ಕ್ರಮದಲ್ಲೇ ಇದೆ. ಹೆಚ್ಚಿನವುಗಳಲ್ಲಿ ಈ ಹಾಳೆ ಹೊರಗಿನ ಚರ್ಮಕ್ಕೂ ಒಳಗಿನ ಅಸ್ತರಿಗೂ ನಡುವೆ ಬೆರಳುಗಳಿರುವ ಚೀಲದಂತೆ ಸಡಿಲವಾಗಿ ಕೂತಿರುತ್ತದೆ. ಮೂರು ಪದರ ಒಂದರ ಮೇಲೊಂದು ಜಾರಿದರೆ ಲಿವರಿನ ಅಂದಾಜು ಹೋಯಿತು. ಒದ್ದೆ ಕೈಯನ್ನು ಹೊರಗೆಳೆದರೆ ಅಸ್ತರಿನ ಬೆರಳುಗಳೂ ಜೊತೆಗೇ ಕಿತ್ತು ಬರುತ್ತವೆ. ಅವನ್ನು ಮತ್ತೆ ಒಂದೊಂದಾಗಿ ಒಳಗೆ ತಳ್ಳುವ ಸಂಕಟ ಪೆಟ್ರೋಲ್ ಬಂಕಿನಲ್ಲಿ ಹಿಂದೆ ಹಾರ್ನ್ ಹಾಕುತ್ತಿರುವವರಿಗೆ ಅರ್ಥವಾಗುವುದಿಲ್ಲ. ಅಸ್ತರನ್ನೂ ಹಾಳೆಯನ್ನೂ ಅಂಟಿಸಿ ಒಂದಾಗಿಸಿದ ಗ್ಲೌಸುಗಳಿವೆ. ಅವುಗಳ ಬೆಲೆ ಕೇಳಿದರೆ ಅಡಿಕೆ ಧಾರಣೆ ಏರುವವರೆಗೆ ಕಾಯೋಣ ಅನ್ನಿಸುತ್ತದೆ.

ಹಾಗಾದರೆ ಇವೆಲ್ಲ ದಂಡವೇ? ಅಲ್ಲ. ಘಟ್ಟ ಹತ್ತುವವರಿಗೆ ಲೆಕ್ಕ ಬೇರೆ. ಸುಳ್ಯದಿಂದ ಮಡಿಕೇರಿಗೆ ಸುಮಾರು 50 ಕಿಲೋಮೀಟರ್. ಸಂಪಾಜೆ ದಾಟಿ ಮೇಲೇರಿದಂತೆ ಸಾವಿರ ಮೀಟರಿನಷ್ಟು ಎತ್ತರಕ್ಕೆ ಆರು ಡಿಗ್ರಿಯ ಆಸುಪಾಸು ಉಷ್ಣತೆ ಇಳಿಯುತ್ತದೆ, ಮಂಜು ಮುಸುಕುತ್ತದೆ, ಗಾಳಿ ಜೋರಾಗುತ್ತದೆ. ಒಣಗಾಳಿಗಿಂತ ನೀರು ಸುಮಾರು 25 ಪಟ್ಟು ಚುರುಕಾಗಿ ಮೈಯ ಶಾಖವನ್ನು ಎಳೆದುಕೊಳ್ಳುತ್ತದೆ. ಜೋಡುಪಾಲದ ಹೊತ್ತಿಗೆ ಒದ್ದೆ ಬೆರಳು ಜುಮ್ಮೆನ್ನತೊಡಗಿದರೆ ಮದೆನಾಡಿನ ತಿರುವುಗಳಲ್ಲಿ ಕ್ಲಚ್ಚು ಯಾವಾಗ ಬಿಟ್ಟೆನೆಂದೇ ತಿಳಿಯುವುದಿಲ್ಲ. ಹೊರಗೆ ತಂಪಾದಷ್ಟೂ ಆ ಹಾಳೆ ಆವಿಯನ್ನು ಹೊರಹಾಕುವ ಕೆಲಸವನ್ನೂ ಚೆನ್ನಾಗಿಯೇ ಮಾಡುತ್ತದೆ. ವಾರಕ್ಕೊಮ್ಮೆಯಾದರೂ ಮಡಿಕೇರಿಗೆ ಹೋಗಿಬರುವವರು ತೆಳು ಅಸ್ತರಿನ ವಾಟರ್‌ಪ್ರೂಫ್ ಗ್ಲೌಸಿಗೆ ಹಣ ಹಾಕಲಿ, ನಷ್ಟವಿಲ್ಲ. ಹಿಮದ ನಾಡಿಗೆಂದು ಹತ್ತಿ ತುರುಕಿದಂತೆ ದಪ್ಪಗೆ ಮಾಡಿದವು ಅವರಿಗೂ ಬೇಡ.

ಗ್ಲೌಸು ಎಷ್ಟೇ ಒಳ್ಳೆಯದಿರಲಿ, ನೀರು ಒಳಗೆ ಬರುವುದು ಮಣಿಕಟ್ಟಿನಿಂದ. ಇದರ ಬಗ್ಗೆ ಮಾರುವವರು ಬಾಯಿ ಬಿಡುವುದಿಲ್ಲ. ಸ್ಪ್ಲೆಂಡರ್, ಆಕ್ಟಿವಾ, ಎಕ್ಸೆಲ್ ಯಾವುದರಲ್ಲೇ ಕೂತರೂ ಕೈ ಭುಜಕ್ಕಿಂತ ಕೆಳಗಿರುತ್ತದೆ. ರೈನ್‌ಕೋಟಿನ ಮೇಲೆ ಬಿದ್ದ ನೀರೆಲ್ಲ ತೋಳಿನಗುಂಟ ಇಳಿಯುತ್ತದೆ. ಗ್ಲೌಸಿನ ಅಗಲ ಬಾಯಿಯನ್ನು ತೋಳಿನ ಹೊರಗೆ ಎಳೆದುಕೊಂಡರೆ ಆ ನೀರೆಲ್ಲ ನೇರವಾಗಿ ಬೆರಳಿಗೆ. ಉದ್ದ ಬಾಯಿಯ ಗ್ಲೌಸು ಫೋಟೋದಲ್ಲಿ ಗತ್ತಾಗಿ ಕಾಣುತ್ತದೆ, ನಮ್ಮ ಮಳೆಯಲ್ಲಿ ಬಟ್ಟಲಾಗುತ್ತದೆ. ಗಂಟೆಗೆ ನೂರರ ಮೇಲೆ ಹೋಗುವವರಿಗೆ ಎದುರುಗಾಳಿ ನೀರನ್ನು ತೋಳಿನ ಒಳಗೆ ಮೇಲ್ಮುಖವಾಗಿ ನುಗ್ಗಿಸುವುದರಿಂದ ಅದು ಬೇಕಾಗಬಹುದು. ಮಂಡೆಕೋಲಿನ ರಸ್ತೆಯಲ್ಲಿ ಆ ವೇಗದ ಪ್ರಶ್ನೆಯೇ ಬರುವುದಿಲ್ಲ. ಇಲ್ಲಿ ರೈನ್‌ಕೋಟಿನ ತೋಳು ಗ್ಲೌಸಿನ ಮೇಲೆ ಬರಬೇಕು. ಹಾಗೆ ಬರಬೇಕಾದರೆ ಗ್ಲೌಸಿನ ಮಣಿಕಟ್ಟು ಗಿಡ್ಡವಾಗಿಯೂ ತೆಳುವಾಗಿಯೂ ಇರಬೇಕು, ಇಲ್ಲದಿದ್ದರೆ ಕೋಟಿನ ಇಲಾಸ್ಟಿಕ್ ಅದರ ಮೇಲೆ ಹತ್ತುವುದೇ ಇಲ್ಲ.

ಇನ್ನು ಒಣಗಿಸುವ ಗೋಳು. ಮಳೆಗಾಲದಲ್ಲಿ ಕರವಸ್ತ್ರ ಒಣಗಲೇ ಎರಡು ದಿನ ಬೇಕಾದ ಊರಿನಲ್ಲಿ ಮೂರು ಪದರದ ಗ್ಲೌಸು ಒಣಗುವುದು ಯಾವಾಗ? ಫ್ಯಾನಿನಡಿ ಇಡೋಣವೆಂದರೆ ಕರೆಂಟು ಇರಬೇಕಲ್ಲ. ಬಚ್ಚಲೊಲೆಯ ಮೇಲಿನ ಹಗ್ಗಕ್ಕೆ ನೇತುಹಾಕುವುದು ನಮ್ಮ ಮನೆಗಳ ಕ್ರಮ. ಬಟ್ಟೆಗೆ ಅದು ಸರಿ, ಗ್ಲೌಸಿಗೆ ಅಲ್ಲ. ಹತ್ತಿರದ ಬಿಸಿಗೆ ಚರ್ಮ ಸೆಟೆದು ಬಿರಿಯುತ್ತದೆ, ಪದರಗಳ ಅಂಟು ಬಿಡುತ್ತದೆ. ಬೆರಳುಗಳ ಒಳಗೆ ಹಳೆ ಪೇಪರಿನ ಸುರುಳಿ ತುರುಕಿ, ನೆನೆದದ್ದನ್ನು ಬದಲಿಸುತ್ತ, ಒಲೆಯಿಂದ ದೂರದಲ್ಲಿ ಗಾಳಿಯಾಡುವಲ್ಲಿ ಇಡುವುದೇ ದಾರಿ. ಚರ್ಮದ್ದಾದರೆ ನಾಲ್ಕು ದಿನ ಮರೆತರೆ ಸಾಕು, ಬೂಸ್ಟು ಹಿಡಿದು ವಾಸನೆ ಬರುತ್ತದೆ. ಅಂಗೈಗೆ ಕೃತಕ ಚರ್ಮ ಹಾಕಿದವು ಈ ವಿಷಯದಲ್ಲಿ ವಾಸಿ.

ನನ್ನ ತೀರ್ಮಾನ ಹೀಗೆ. ಸುಳ್ಯ-ಪುತ್ತೂರು-ಕಡಬದ ನಡುವೆಯೇ ಓಡಾಡುವವರಿಗೆ ದುಬಾರಿ ವಾಟರ್‌ಪ್ರೂಫ್ ಗ್ಲೌಸು ಬೇಡ. ಅಸ್ತರಿಲ್ಲದ, ಅಂಗೈ ಗಟ್ಟಿಯಾಗಿರುವ, ಗೆಣ್ಣಿಗೆ ಕವಚವಿರುವ, ಮಣಿಕಟ್ಟಿಗೆ ಬಿಗಿಯುವ ಪಟ್ಟಿಯಿರುವ ಸಾದಾ ಗ್ಲೌಸು ಎರಡು ಜೊತೆ ಇಟ್ಟುಕೊಳ್ಳಿ. ಒಂದು ನೆನೆದರೆ ಇನ್ನೊಂದು. ಅದರ ಮೇಲೆ ಹಾಕುವಂಥ, ಹೊಲಿಗೆಗೆ ಟೇಪು ಅಂಟಿಸಿದ ತೆಳು ಹೊರಗ್ಲೌಸು ಸೀಟಿನಡಿ ಇರಲಿ. ಜಡಿಮಳೆಗೆ ಹಾಕಿ, ಮನೆಗೆ ಬಂದು ಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು. ಸಾಧ್ಯವಿದ್ದರೆ ಯುರೋಪಿನ ಇಎನ್ 13594 ಗುರುತು ಇರುವುದನ್ನೇ ಕೊಳ್ಳಿ. ಉಜ್ಜುವ ಪರೀಕ್ಷೆಯಲ್ಲಿ ಅಂಗೈ ಮೊದಲ ಹಂತಕ್ಕೆ 4 ಸೆಕೆಂಡು, ಎರಡನೆಯದಕ್ಕೆ 8 ಸೆಕೆಂಡು ತಾಳಿರಬೇಕು. ಹೆಲ್ಮೆಟ್ಟಿಗೆ ಐಎಸ್‌ಐ ಕಡ್ಡಾಯವಾದಂತೆ ನಮ್ಮಲ್ಲಿ ಗ್ಲೌಸಿಗೆ ಯಾವ ಕಡ್ಡಾಯವೂ ಇಲ್ಲ. ಹಾಗಾಗಿ ‘ವಾಟರ್‌ಪ್ರೂಫ್’ ಎಂದು ಬರೆದುಕೊಂಡದ್ದೆಲ್ಲ ಮಾರಾಟವಾಗುತ್ತದೆ.

ಕೊಳ್ಳಲು ಹೋಗುವಾಗ ನಿಮ್ಮ ರೈನ್‌ಕೋಟನ್ನೂ ಹಿಡಿದುಕೊಂಡು ಹೋಗಿ. ಅಂಗಡಿಯಲ್ಲೇ ಅದನ್ನು ಹಾಕಿ, ಗ್ಲೌಸು ತೊಟ್ಟು, ಬೈಕಿನಲ್ಲಿ ಕೂತಂತೆ ಕೈ ಮುಂದೆ ಚಾಚಿ ನೋಡಿ: ತೋಳು ಹಿಂದೆ ಸರಿದು ಮಣಿಕಟ್ಟು ಹೊರಗೆ ಕಾಣುತ್ತದೆಯೇ? ಹೊರಗೆ ನಿಂತ ನಿಮ್ಮದೇ ಗಾಡಿಯ ಬ್ರೇಕು ಹಿಡಿದು ಬಿಡಿ, ಇಂಡಿಕೇಟರ್ ಒತ್ತಿ. ಬೆರಳಿಗೆ ಗುಂಡಿ ಸಿಗದಿದ್ದರೆ ಎಷ್ಟು ರಿಯಾಯಿತಿ ಕೊಟ್ಟರೂ ವಾಪಸು ಕೊಟ್ಟು ಬನ್ನಿ.