ನೆರಳಿನ ಉದ್ದವೂ ಎಲುಬಿನ ಉದ್ದವೂ

ಕ್ಷ-ಕಿರಣಗಳಿಂದ ದೊರೆಯುವುದನ್ನು ಕನ್ನಡದಲ್ಲಿ 'ಚಿತ್ರ'ವೆಂದು ಕರೆಯುವುದು ರೂಢಿಯಾಗಿದೆ. ವಸ್ತುತಃ ಅದು ನೆರಳು. ೧೮೯೫ರಲ್ಲಿ ಈ ಕಿರಣಗಳನ್ನು ಕಂಡುಹಿಡಿದ ರಾಂಟ್ಗೆನ್ನನೂ ತನ್ನ ಮೊದಲ ಲೇಖನದಲ್ಲಿ ಕೈಯೆಲುಬುಗಳ ನೆರಳೆಂದೇ ಹೇಳಿದ್ದನು. ಇದು ಕೇವಲ ಶಬ್ದವಿಚಾರವಲ್ಲವೆಂಬುದು ಕಾಲಿನ ಎಲುಬನ್ನು ಉದ್ದಗೊಳಿಸುವ ಶಸ್ತ್ರಚಿಕಿತ್ಸೆಯಲ್ಲಿ ವಿಶದವಾಗುವುದು.

೧೯೦೫ರಲ್ಲಿ ಇಟಲಿಯ ಕೊಡಿವಿಲ್ಲನು ಪ್ರಕಟಿಸಿದ ಈ ಬಗೆಯ ಚಿಕಿತ್ಸೆಗೆ, ೧೯೫೦ರ ದಶಕದಿಂದ ಮುಂದಕ್ಕೆ ಕುರ್ಗಾನಿನ ಇಲಿಜಾರೋವನು ಹೊಸ ರೂಪವನ್ನು ಕೊಟ್ಟನು. ಎಲುಬನ್ನು ಕತ್ತರಿಸಿ, ಹೊರಗಿನ ಬಳೆಗಳ ಚೌಕಟ್ಟಿನ ಮೂಲಕ ತುಂಡುಗಳನ್ನು ದಿನಕ್ಕೆ ಸುಮಾರು ೧ ಮಿಲಿಮೀಟರಿನಂತೆ ಸರಿಸಿದರೆ, ನಡುವಣ ತೆರಪಿನಲ್ಲಿ ಹೊಸ ಎಲುಬು ಬೆಳೆಯುವುದು. ಯಾವ ದಿನ ನಿಲ್ಲಿಸಬೇಕೆಂಬ ನಿರ್ಣಯವು ಅಳತೆಯನ್ನು ಅವಲಂಬಿಸಿದೆ.

ಕಿರಣಗಳು ಒಂದು ಬಿಂದುವಿನಿಂದ ಹೊರಟು ಹರಡುವುದರಿಂದ ನೆರಳು ಎಲುಬಿಗಿಂತ ಹಿರಿದಾಗುವುದು. ಕಿರಣಮೂಲವು ಫಲಕದಿಂದ ೧೦೦ ಸೆಂಟಿಮೀಟರ್ ದೂರದಲ್ಲಿಯೂ ಎಲುಬು ೧೦ ಸೆಂಟಿಮೀಟರ್ ದೂರದಲ್ಲಿಯೂ ಇದ್ದರೆ, ೪೫ ಸೆಂಟಿಮೀಟರಿನ ತೊಡೆಯೆಲುಬು ೫೦ ಸೆಂಟಿಮೀಟರಾಗಿ ತೋರುವುದು. ೪ ಸೆಂಟಿಮೀಟರೆಂದು ಕಂಡ ತೆರಪು ನಿಜವಾಗಿ ೩.೬ ಸೆಂಟಿಮೀಟರ್ ಮಾತ್ರ. ಮೊಣಕಾಲು ಮಡಿಸಿ ಎಲುಬು ಓರೆಯಾದರೆ, ಇದಕ್ಕೆ ವಿರುದ್ಧವಾಗಿ ನೆರಳು ಕುಗ್ಗುವುದು. ಹೀಗೆ ಒಂದು ದೋಷವು ಮತ್ತೊಂದನ್ನು ಮರೆಸಲೂಬಹುದು.

ಇಲ್ಲಿ ಲಕ್ಷಿಸಬೇಕಾದ ಇನ್ನೊಂದು ಅಂಶವುಂಟು. ಬಳೆಗಳ ಚೌಕಟ್ಟು ಕಾಲನ್ನು ಫಲಕದಿಂದ ಮೇಲಕ್ಕೆತ್ತುವುದು. ಆದುದರಿಂದ ಚಿಕಿತ್ಸೆಗೆ ಮುಂಚಿನ ನೆರಳನ್ನೂ ಅನಂತರದ ನೆರಳನ್ನೂ ತಿದ್ದದೆ ಹೋಲಿಸಿದರೆ, ದೂರದಿಂದಾದ ಹಿಗ್ಗು ಎಲುಬಿನ ಬೆಳವಣಿಗೆಯ ಲೆಕ್ಕಕ್ಕೆ ಸೇರುವುದು. ಚೌಕಟ್ಟಿನ ತಿರುಪುಗಳನ್ನು ತಿರುಗಿಸಿದ ಲೆಕ್ಕವೊಂದನ್ನೇ ನಂಬುವುದೂ ಸಾಧುವಲ್ಲ. ಎಲುಬನ್ನು ಹಿಡಿದ ತಂತಿಗಳು ಬಾಗಿದಷ್ಟು ತೆರಪು ಹಿಂದೆ ಬೀಳುವುದು.

ಇಂದಿನ ಗಣಕವು ಮಿಲಿಮೀಟರಿನ ಹತ್ತನೆಯ ಭಾಗವನ್ನೂ ಬರೆದು ತೋರಿಸುವುದು. ಆದರೆ ಅಂಕಿಯ ಸೂಕ್ಷ್ಮತೆ ಬೇರೆ, ಅದರ ಯಥಾರ್ಥತೆ ಬೇರೆ. ವ್ಯಾಸವು ತಿಳಿದಿರುವ ಲೋಹದ ಗುಂಡೊಂದನ್ನು ಎಲುಬಿನ ಮಟ್ಟದಲ್ಲಿಟ್ಟು, ಅದರ ನೆರಳಿನಿಂದ ಹಿಗ್ಗುವಿಕೆಯನ್ನು ಗಣಿಸುವುದು ಯುಕ್ತವಾದ ಕ್ರಮ. ಗುಂಡನ್ನು ಫಲಕದ ಮೇಲೆಯೇ ಇಟ್ಟರೆ ಪ್ರಯೋಜನವಿಲ್ಲ. ಅದರ ನೆರಳು ಹಿಗ್ಗುವುದಿಲ್ಲ, ಎಲುಬಿನದು ಹಿಗ್ಗುವುದು.

ಬೇಗ ನಿಲ್ಲಿಸಿದರೆ ಕುಂಟು ಉಳಿಯುವುದು. ಮಿತಿಮೀರಿ ಎಳೆದರೆ ಸ್ನಾಯುಗಳಿಗೂ ನರಗಳಿಗೂ ಬಾಧೆಯಾಗುವುದು. ಎರಡನ್ನೂ ಅನುಭವಿಸುವವನು ರೋಗಿ. ಆದಕಾರಣ ದೂರವನ್ನೂ ಕಾಲಿನ ನಿಲುವನ್ನೂ ಗುಂಡಿನ ಸ್ಥಾನವನ್ನೂ ನಮೂದಿಸದ ಅಂಕಿಯನ್ನು ನೆರಳಿನ ಅಳತೆಯೆನ್ನಬಹುದೇ ಹೊರತು ಎಲುಬಿನ ಅಳತೆಯೆಂದು ಅಂಗೀಕರಿಸಲಾಗದು.